ಹೇಗೆ ಓಡುತ್ತೆ? ಎಷ್ಟು ಕೊಡುತ್ತೆ?

ಸ್ಪೋರ್ಟಿ ಹ್ಯಾಚ್‌ಬ್ಯಾಕ್ ತಗೊಂಡವರಿಗೆ ಬೆಂಗಳೂರಿನ ಆಫೀಸ್ ಪಾರ್ಕಿಂಗ್‌ನಲ್ಲಿ ಎದುರಾಗುವ ಪ್ರಶ್ನೆ "ಹೇಗೆ ಓಡುತ್ತೆ?" ಅದೇ ಕಾರು ಹಬ್ಬಕ್ಕೆ ಕುಂದಾಪುರಕ್ಕೆ ಹೋಗಿ ನಿಂತರೆ ಪ್ರಶ್ನೆ ಬೇರೆ: "ಹ್ವಾಯ್, ಎಷ್ಟ್ ಕೊಡತ್ತ್?" ಮಜಾ ಬೇಕು ಅಂದ್ರೆ ಮೈಲೇಜ್ ಮರೆತುಬಿಡು, ಮೈಲೇಜ್ ಬೇಕು ಅಂದ್ರೆ ಮಜಾ ಮರೆತುಬಿಡು ಅನ್ನೋದು ನಮ್ಮಲ್ಲಿ ಗಾದೆಯಷ್ಟೇ ಗಟ್ಟಿ. ಆದರೆ ಇತಿಹಾಸ ತೆಗೆದು ನೋಡಿದರೆ ಈ ಎರಡೂ ಒಂದೇ ತಾಯಿಯ ಮಕ್ಕಳು. ಆ ತಾಯಿಯ ಹೆಸರು ಪೆಟ್ರೋಲ್ ಬರ.

ನಮ್ಮ ಕರಾವಳಿಯಿಂದಲೇ ಶುರು ಮಾಡೋಣ. ಹಿರಿಯರು ಈಗಲೂ ನೆನೆಯುವ ಸಿಪಿಸಿ, ಅಂದರೆ ಕೆನರಾ ಪಬ್ಲಿಕ್ ಕನ್ವೇಯನ್ಸ್, ಮಂಗಳೂರಿನಲ್ಲಿ ಹುಟ್ಟಿದ್ದು 1914ರಲ್ಲಿ. ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಬ್ರಹ್ಮಾವರದಿಂದ ಬೈಂದೂರಿಗೆ ಹೋಗುವ ದಾರಿಯುದ್ದಕ್ಕೂ ಹೊಳೆಗಳೇ. ಸೇತುವೆ ಬರುವ ಮುಂಚೆ ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಮೇಲೆ ವಾಹನ ದಾಟಿಸಬೇಕಿತ್ತು. ಎರಡನೇ ಮಹಾಯುದ್ಧ ಬಂದಾಗ ಪೆಟ್ರೋಲಿಗೆ ರೇಷನ್ ಬಿತ್ತು. ದೇಶದ ಬೇರೆ ಕಡೆಗಳಂತೆ ಇಲ್ಲೂ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಬಂತು. ಇದ್ದಿಲನ್ನು ಅರೆಗಾಳಿಯಲ್ಲಿ ಉರಿಸಿ, ಅದರಿಂದ ಬರುವ ಅನಿಲವನ್ನೇ ಎಂಜಿನ್‌ಗೆ ಕುಡಿಸುವ ವ್ಯವಸ್ಥೆ ಅದು. ಎಂಜಿನ್‌ನ ಶಕ್ತಿ ಮೂರನೇ ಒಂದರಷ್ಟಾದರೂ ಇಳಿಯುತ್ತಿತ್ತು. ಏರು ಬಂದರೆ ಪ್ರಯಾಣಿಕರೇ ಇಳಿದು ತಳ್ಳಬೇಕು. ಅಂಥ ಬಸ್ಸಿನ ಡ್ರೈವರ್‌ಗೆ ಇದ್ದ ಬಂಡವಾಳ ಒಂದೇ: ಇಳಿಜಾರಿನಲ್ಲಿ ಸಿಕ್ಕ ಓಟವನ್ನು ಮುಂದಿನ ಏರಿನವರೆಗೆ ಪೋಲು ಮಾಡದೆ ಉಳಿಸಿಕೊಳ್ಳುವುದು. ಈ ಮಾತು ನೆನಪಿರಲಿ, ಮತ್ತೆ ಬೇಕಾಗುತ್ತೆ.

ಈಗ ಸ್ವಲ್ಪ ದೂರ, ಇಂಗ್ಲೆಂಡಿಗೆ ಹೋಗಿಬರೋಣ. 1956ರಲ್ಲಿ ಸೂಯೆಜ್ ಕಾಲುವೆಯ ಜಗಳದಿಂದ ಅಲ್ಲಿ ಪೆಟ್ರೋಲಿಗೆ ಮತ್ತೆ ರೇಷನ್ ಬಂತು. ಕಡಿಮೆ ಕುಡಿಯುವ, ನಾಲ್ಕು ಜನ ಕೂರುವ ಪುಟ್ಟ ಕಾರು ಬೇಕು ಅಂತ ಬಿಎಂಸಿ ಕಂಪನಿ ಅಲೆಕ್ ಇಸಿಗೊನಿಸ್ ಎಂಬ ಎಂಜಿನಿಯರ್‌ಗೆ ಹೇಳಿತು. ಆತ ಎಂಜಿನ್ ಅನ್ನು ಅಡ್ಡ ತಿರುಗಿಸಿಟ್ಟ, ಚಕ್ರಗಳನ್ನು ನಾಲ್ಕು ಮೂಲೆಗೆ ತಳ್ಳಿದ. 1959ರಲ್ಲಿ 848 ಸಿಸಿಯ ಮಿನಿ ಬಂತು. ಉದ್ದ ಕೇವಲ ಮೂರು ಮೀಟರ್. ಎಲ್ಲವೂ ಉಳಿತಾಯಕ್ಕಾಗಿ ಮಾಡಿದ್ದು. ಆದರೆ ಹಗುರ ಮೈ ಮತ್ತು ಮೂಲೆಯ ಚಕ್ರ ಸೇರಿದಾಗ ತಿರುವುಗಳಲ್ಲಿ ಅದು ರಸ್ತೆಗೆ ಅಂಟಿಕೊಂಡು ಓಡಿತು. ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಕಣ್ಣಿಗೆ ಅದು ಬಿತ್ತು. 1961ರಲ್ಲಿ ಮಿನಿ ಕೂಪರ್ ಹುಟ್ಟಿತು. 1964, 1965 ಮತ್ತು 1967ರಲ್ಲಿ ಅದು ದೊಡ್ಡ ದೊಡ್ಡ ಕಾರುಗಳನ್ನು ಹಿಂದೆ ಹಾಕಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು.

ಅದೇ ಕಥೆ ಇನ್ನೊಮ್ಮೆ ನಡೆಯಿತು. 1973ರಲ್ಲಿ ತೈಲ ಬಿಕ್ಕಟ್ಟು. ಮರುವರ್ಷ ಮಿತವ್ಯಯದ ಫೋಕ್ಸ್‌ವ್ಯಾಗನ್ ಗಾಲ್ಫ್. 1976ರಲ್ಲಿ ಅದಕ್ಕೇ 110 ಅಶ್ವಶಕ್ತಿಯ ಎಂಜಿನ್ ಇಟ್ಟು ಜಿಟಿಐ. 5,000 ಮಾರಿದರೆ ಸಾಕು ಅಂದುಕೊಂಡಿದ್ದ ಕಂಪನಿ, ಆ ಮೊದಲ ಪೀಳಿಗೆಯನ್ನೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಿತು. ಇವತ್ತಿನ ಎಲ್ಲ "ಹಾಟ್ ಹ್ಯಾಚ್"ಗಳೂ ಈ ಬರಗಾಲದ ಮಕ್ಕಳೇ.

ನಮ್ಮಲ್ಲಿ ಆಗ ಅಂಬಾಸಿಡರ್ ಮತ್ತು ಫಿಯಟ್. ಮಜಾದ ಮಾತು ಬಿಡಿ, ಕಾರು ಸಿಕ್ಕುವುದೇ ಪುಣ್ಯ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು: 796 ಸಿಸಿ, ಮೂರು ಸಿಲಿಂಡರ್, 40 ಅಶ್ವಶಕ್ತಿಯೂ ಇಲ್ಲ. ಆದರೂ ಅದರಲ್ಲಿ ಮೊದಲ ಸಲ ಕೂತವರಿಗೆ ಎತ್ತಿನಗಾಡಿ ಇಳಿದು ಸೈಕಲ್ ಹತ್ತಿದ ಹಾಗೆ ಅನಿಸಿರಬೇಕು. ಹಗುರ ಅಂದ್ರೆ ಅದೇ. 2005ರಲ್ಲಿ ಸ್ವಿಫ್ಟ್ ಬಂದಾಗ ಓಡಿಸುವ ಖುಷಿ ಮಧ್ಯಮವರ್ಗದ ಕೈಗೆಟುಕಿತು.

ಮರುವರ್ಷದ ಬಜೆಟ್ ಸದ್ದಿಲ್ಲದೆ ಇನ್ನೊಂದು ಕೆಲಸ ಮಾಡಿತು. ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಎಂಜಿನ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು; ಅಂಥ ಕಾರಿಗೆ ಅಬಕಾರಿ ಸುಂಕ ಶೇ. 24ರಿಂದ 16ಕ್ಕೆ ಇಳಿಯಿತು. 2010ರಲ್ಲಿ ಸ್ವಿಫ್ಟ್‌ನ 1298 ಸಿಸಿ ಎಂಜಿನ್ 1197 ಸಿಸಿ ಆಯಿತು; ಶಕ್ತಿ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. 2013ರ ಪೋಲೊ ಜಿಟಿ ಟಿಎಸ್‌ಐ ಅದೇ 1197 ಸಿಸಿಗೆ ಟರ್ಬೊ ಕೂರಿಸಿ 105 ಅಶ್ವಶಕ್ತಿ ತೆಗೆಯಿತು. ಎಆರ್‌ಎಐ ಪ್ರಮಾಣಪತ್ರದಲ್ಲಿ ಲೀಟರಿಗೆ 17.2 ಕಿ.ಮೀ. ಎರಡೂ ಪ್ರಶ್ನೆಗೆ ಒಂದೇ ಕಾರಿನಲ್ಲಿ ಉತ್ತರ ಸಿಕ್ಕಿತು ಅಂತ ಎಲ್ಲರಿಗೂ ಖುಷಿ.

ಆದರೆ ಆ 17.2 ಊರ ದಾರಿಯಲ್ಲಿ ಎಲ್ಲಿ ಹೋಗುತ್ತದೆ? ಇಲ್ಲಿ ರಸ್ತೆಯ ಇತಿಹಾಸವೂ ಬರಬೇಕು. ಹಳೆಯ ಎನ್‌ಎಚ್ 17 ಈಗ ಎನ್‌ಎಚ್ 66. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ; ನಡುವೆ ಎರಡು ಪಥದ ಕಿರಿದಾದ ರಸ್ತೆ ಇದ್ದ ಕಾಲದಲ್ಲಿ ಎದುರಿನ ಲಾರಿಯೇ ನಮ್ಮ ವೇಗ ನಿಗದಿ ಮಾಡುತ್ತಿತ್ತು. ಈಗ ಚತುಷ್ಪಥ. ಸಾಸ್ತಾನದ ಟೋಲ್ ದಾಟಿದರೆ ಶಿರೂರಿನ ಟೋಲ್‌ವರೆಗೆ ಕಾಲು ತಾನೇ ಕೆಳಗೆ ಒತ್ತುತ್ತದೆ. ಮಜಾ ಅಂದರೆ ಸ್ಪೀಡೋಮೀಟರ್‌ನ ಅಂಕಿ ಅಂತಾಯಿತು.

ಸ್ವಲ್ಪ ಲೆಕ್ಕ ನೋಡಿ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 80ರ ಬದಲು 120ರಲ್ಲಿ ಹೋದರೆ ಗಾಳಿಯನ್ನು ತಳ್ಳಲು ಪ್ರತಿ ಕಿಲೋಮೀಟರಿಗೆ 2.25 ಪಟ್ಟು ಶ್ರಮ. ಎಆರ್‌ಎಐ ಪರೀಕ್ಷೆಯಲ್ಲಿ ಕಾರು 90 ದಾಟುವುದೇ ಇಲ್ಲ. ಹಾಗಾಗಿ ಆ 17.2ಕ್ಕೂ ನಿಮ್ಮ 120ಕ್ಕೂ ಪರಿಚಯವೇ ಇಲ್ಲ. ಇನ್ನೊಂದು ಲೆಕ್ಕ: ಸುಮಾರು ಒಂದು ಟನ್ ತೂಕದ ಕಾರನ್ನು ಪೂರ್ತಿ ನಿಲ್ಲಿಸಿ ಮತ್ತೆ 80ಕ್ಕೆ ತರಲು, ಆ ವೇಗ ಗಳಿಸುವುದಕ್ಕೇ ಅಂದಾಜು 30 ಮಿಲಿ ಪೆಟ್ರೋಲ್ ಬೇಕು. ಕುಂದಾಪುರದಿಂದ ಬೈಂದೂರಿಗೆ ಸುಮಾರು 35 ಕಿ.ಮೀ., ಅಂದರೆ ಎರಡು ಲೀಟರ್. ದಾರಿಯಲ್ಲಿ ಹತ್ತು ಸಲ ನುಗ್ಗಿ, ಹತ್ತು ಸಲ ಜೋರಾಗಿ ಬ್ರೇಕ್ ಹಾಕಿದರೆ 300 ಮಿಲಿ ಬ್ರೇಕಿನ ಬಿಸಿಯಾಗಿ ಹೋಯಿತು. ಓಟ ಉಳಿಸಿಕೊಳ್ಳುತ್ತಿದ್ದ ಇದ್ದಿಲು ಬಸ್ಸಿನ ಡ್ರೈವರ್ ಇದನ್ನು ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ.

ಬ್ರೇಕ್ ಯಾಕೆ ಹಾಕಬೇಕಾಗುತ್ತದೆ ಅನ್ನೋದು ಪೆಟ್ರೋಲಿಗಿಂತ ದೊಡ್ಡ ವಿಷಯ. ಕೋಟ, ತಲ್ಲೂರು, ಹೆಮ್ಮಾಡಿ, ತ್ರಾಸಿ, ನಾವುಂದ, ಇವೆಲ್ಲ ಹೆದ್ದಾರಿ ಬರುವ ಮುಂಚೆಯೇ ಇದ್ದ ಪೇಟೆಗಳು. ಒಂದು ಪಕ್ಕದಲ್ಲಿ ಮನೆ, ಇನ್ನೊಂದು ಪಕ್ಕದಲ್ಲಿ ಶಾಲೆ, ದೇವಸ್ಥಾನ, ಮೀನಿನ ಅಂಗಡಿ. ಸಂಜೆ ಬಸ್ ಇಳಿದ ಅಮ್ಮ, ಚೀಲ ಹಿಡಿದ ಹುಡುಗಿ, ತಿರುಗಲು ಕಾದ ಆಟೊ, ಎಲ್ಲರೂ ಈ ನಾಲ್ಕು ಪಥ ದಾಟಲೇಬೇಕು. ಅಲ್ಲಿ 120ರ ಮಜದ ಬೆಲೆಯನ್ನು ಕಟ್ಟುವವರು ಕಾರಿನ ಒಳಗೆ ಕೂತಿರುವುದಿಲ್ಲ.

ಹಾಗಾದ್ರೆ ಮಜಾ ಬಿಟ್ಟುಬಿಡೋಣವಾ? ಬೇಡ, ಜಾಗ ಬದಲಿಸೋಣ. ಸಣ್ಣ ಕಾರಿನ ನಿಜವಾದ ಖುಷಿ ಇರುವುದು ತಿರುವಿನಲ್ಲಿ. ಮಿನಿ ಗೆದ್ದಿದ್ದೂ ಅಲ್ಲೇ. ಬ್ರಹ್ಮಾವರದಿಂದ ಹೆಬ್ರಿ ದಾಟಿದರೆ 14 ಹೇರ್‌ಪಿನ್ ತಿರುವಿನ ಆಗುಂಬೆ ಘಾಟಿ. ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ ದಾಟಿದರೆ ಬಾಳೆಬರೆ ಘಾಟಿ. ಅಲ್ಲಿ ಎರಡನೇ, ಮೂರನೇ ಗೇರಿನಲ್ಲಿ ನಿಮ್ಮದೇ ಲೇನಿನಲ್ಲಿ 30-40ರ ವೇಗದಲ್ಲೇ ಸ್ಟೀರಿಂಗ್ ಮಾತಾಡುತ್ತದೆ. ಏರುವಾಗ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸುಳ್ಳು ಹೇಳಲ್ಲ. ಇಳಿಯುವಾಗ ಮಾತ್ರ ಹಳೇ ಕಾಲದ ಹಾಗೆ ನ್ಯೂಟ್ರಲ್ ಹಾಕಬೇಡಿ. ಅದು ಕಾರ್ಬುರೇಟರ್ ಕಾಲದ ಉಳಿತಾಯ, ಆಗಲೂ ಅಪಾಯವೇ. ಈಗಿನ ಫ್ಯೂಯೆಲ್ ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಐಡಲಿಂಗ್‌ಗಾದರೂ ಕುಡಿಯುತ್ತಲೇ ಇರುತ್ತದೆ.

ಹೆದ್ದಾರಿಯಲ್ಲಿ 80, ಪೇಟೆ ಬರುವ ಮುಂಚೆಯೇ ಕಾಲು ಹಗುರ, ಘಾಟಿಯಲ್ಲಿ ತಿರುವಿಗೆ ಮುಂಚೆ ವೇಗ ಇಳಿಸಿ ತಿರುವಿನಲ್ಲಿ ಅದನ್ನು ಕಾಪಾಡಿಕೊಳ್ಳುವ ಕೈ. ಮೈಲೇಜ್ ಬರುವುದೂ ಇದರಿಂದಲೇ, ಒಳ್ಳೆಯ ಡ್ರೈವರ್ ಅನ್ನಿಸಿಕೊಳ್ಳುವುದೂ ಇದರಿಂದಲೇ. ಮರವಂತೆಯಲ್ಲಂತೂ ಇನ್ನೂ ನಿಧಾನ ಹೋಗಿ. ಆ ಕಡಲು 120ರಲ್ಲಿ ಹೋಗುವವರಿಗೆ ಎರಡೇ ನಿಮಿಷ ಕಾಣಿಸುತ್ತದೆ.