ಐದು ನಿಮಿಷದ ಯುದ್ಧ

‘ಡ್ರ್ಯಾಗನ್ ಬಾಲ್ ಝೀ’ ನೋಡಿದವರಿಗೆ ಈ ಲೆಕ್ಕ ಗೊತ್ತುಂಟು. ನೇಮೆಕ್ ಎಂಬ ಗ್ರಹದಲ್ಲಿ ಗೋಕು ಮತ್ತು ಫ್ರೀಝಾ ಕಾದಾಡ್ತಿದ್ದಾರೆ. ಸೋಲು ಹತ್ತಿರ ಬಂತು ಅನ್ನಿಸಿದಾಗ ಫ್ರೀಝಾ ಗ್ರಹದ ಹೊಟ್ಟೆಗೇ ಒಂದು ಏಟು ಹಾಕಿ, ಇನ್ನು ಐದೇ ನಿಮಿಷ, ಇದು ಸಿಡಿದು ಹೋಗ್ತದೆ ಅಂತಾನೆ. ಆ ಐದು ನಿಮಿಷ ಮುಗಿಯಲಿಕ್ಕೆ ಸುಮಾರು ಹತ್ತು ಕಂತು ಬೇಕಾಯಿತು. ಜಪಾನಿನಲ್ಲಿ ವಾರಕ್ಕೊಂದು ಕಂತಿನಂತೆ ನೋಡಿದವರು ಎರಡು ತಿಂಗಳು ಕಾದಿರಬೇಕು. ಅನಿಮೆಯನ್ನು ತಮಾಷೆ ಮಾಡುವವರೆಲ್ಲ ಮೊದಲು ಎತ್ತುವುದು ಇದನ್ನೇ. ಎಂತ ಮಾರಾಯ, ಹೊಡೆಯುವುದಕ್ಕಿಂತ ಮಾತೇ ಜಾಸ್ತಿ!

ಈ ದೂರು ಮಂಗಳೂರಿನವರ ಬಾಯಲ್ಲಿ ಬಂದರೆ ಮಾತ್ರ ನನಗೆ ಸ್ವಲ್ಪ ನಗು ಬರ್ತದೆ. ‘ವಾಲಿವಧೆ’ ತಾಳಮದ್ದಳೆ ಕೇಳಿದ್ದೀರಲ್ಲ? ಎದೆಗೆ ಬಾಣ ನಾಟಿ ಬಿದ್ದ ವಾಲಿ, ಮರೆಯಿಂದ ಹೊಡೆದ ರಾಮನನ್ನು ಎದುರಿಗೆ ನಿಲ್ಲಿಸಿ ಪ್ರಶ್ನೆ ಕೇಳ್ತಾನೆ. ಒಳ್ಳೆ ಅರ್ಥಧಾರಿ ಸಿಕ್ಕಿದರೆ ಗಂಟೆ ಕಳೆದರೂ ಆ ಪ್ರಾಣ ಹೋಗುವುದಿಲ್ಲ. ಸಭೆಯಲ್ಲಿ ಒಬ್ಬರೂ ವಾಚ್ ನೋಡುವುದಿಲ್ಲ. ಯಾಕೆಂದರೆ ಪ್ರತಿ ಮಾತಿಗೂ ವಾದ ಒಂದು ಹೆಜ್ಜೆ ಮುಂದೆ ಹೋಗಿರ್ತದೆ. ಶುರುವಿನಲ್ಲಿ ನಿಂತಿದ್ದ ಜಾಗದಲ್ಲಿ ರಾಮನೂ ಇರುವುದಿಲ್ಲ, ವಾಲಿಯೂ ಇರುವುದಿಲ್ಲ. ಫ್ರೀಝಾ–ಗೋಕು ಮಾತು ಹಾಗಲ್ಲ. ಮೂರನೇ ಕಂತಿನ ಡೈಲಾಗನ್ನು ಏಳನೇ ಕಂತಿಗೆ ತಂದಿಟ್ಟರೂ ಗೊತ್ತಾಗಲಿಕ್ಕಿಲ್ಲ. ಉದ್ದವೇ ದೋಷ ಎಂದರೆ ನಮ್ಮ ಅರ್ಧ ಪರಂಪರೆಯನ್ನೇ ಬಿಡಬೇಕಾದೀತು. ಆ ಉದ್ದ ಎಲ್ಲಿಂದ ಬಂತು ಎಂದು ನೋಡಿದರೆ ಅನಿಮೆಯ ಬಲವೂ ದೋಷವೂ ಒಂದೇ ಬಾವಿಯ ನೀರು ಎಂದು ತಿಳೀತದೆ.

1963ರ ಜನವರಿ 1ರಂದು ಜಪಾನಿನ ಟಿವಿಯಲ್ಲಿ ಒಸಾಮು ತೆಝುಕಾ ಅವರ ‘ಆಸ್ಟ್ರೋ ಬಾಯ್’ ಶುರುವಾಯಿತು. ಅರ್ಧ ಗಂಟೆಯ ಕಾರ್ಟೂನ್, ಪ್ರತಿ ವಾರ. ಡಿಸ್ನಿಯ ಸಿನಿಮಾಗಳಲ್ಲಿ ಒಂದು ಸೆಕೆಂಡಿಗೆ 12 ಅಥವಾ 24 ಚಿತ್ರ ಬರೆಯುತ್ತಿದ್ದರು. ಆ ವೇಗದಲ್ಲಿ ವಾರಕ್ಕೊಂದು ಕಂತು ಮುಗಿಸಲು ಯಾರಿಗೂ ಸಾಧ್ಯ ಇರಲಿಲ್ಲ. ತೆಝುಕಾ ತಂಡ ಸೆಕೆಂಡಿಗೆ ಎಂಟಕ್ಕೆ ಇಳಿಯಿತು, ಎಷ್ಟೋ ಸಲ ಅದಕ್ಕೂ ಕೆಳಗೆ. ಮುಖ ನಿಂತಿರ್ತದೆ, ಬಾಯಿ ಮಾತ್ರ ಆಡ್ತದೆ. ಚಿತ್ರ ನಿಂತಿರ್ತದೆ, ಕ್ಯಾಮರಾ ಜಾರ್ತದೆ. ಹಾರುವ ದೃಶ್ಯವನ್ನು ಒಮ್ಮೆ ಬರೆದು ಕಪಾಟಿನಲ್ಲಿ ಇಟ್ಟುಕೊಂಡು ಬೇಕಾದಾಗಲೆಲ್ಲ ತೆಗೆದು ಬಳಸುವುದು. ಅದಕ್ಕೆ ‘ಬ್ಯಾಂಕ್’ ಎಂದೇ ಹೆಸರು. ಇಷ್ಟೆಲ್ಲ ಉಳಿತಾಯ ಮಾಡಿದರೂ ಕಂತನ್ನು ಟಿವಿಗೆ ಮಾರಿದ್ದು ತಯಾರಿಕೆಯ ಖರ್ಚಿಗಿಂತ ಕಡಿಮೆಗೆ. ನಷ್ಟವನ್ನು ಗೊಂಬೆ, ಚಾಕಲೇಟು, ವಿದೇಶಿ ಮಾರಾಟದಿಂದ ತುಂಬಿಸಿಕೊಳ್ಳುವ ಲೆಕ್ಕ. ಹಿಂದೆ ಬಂದವರಿಗೂ ಆ ಕಡಿಮೆ ದರವೇ ಕಟ್ಟಿಹೋಯಿತು ಅಂತ ಇವತ್ತಿಗೂ ಅಲ್ಲಿಯ ಚಿತ್ರಕಾರರು ತೆಝುಕಾ ಅವರ ಮೇಲೆ ಮುನಿಸಿಕೊಳ್ಳುವುದುಂಟು.

ಆದರೆ ಕಾಸಿಲ್ಲದವನು ಕಲಿಯುವ ಕೆಲವು ವಿದ್ಯೆ ಕಾಸಿದ್ದವನಿಗೆ ಬರುವುದಿಲ್ಲ. ‘ಸೈಲರ್ ಮೂನ್’ನಲ್ಲಿ ಆ ಹುಡುಗಿ ಪ್ರತಿ ಕಂತಿನಲ್ಲಿ ಯೋಧೆಯಾಗಿ ರೂಪ ಬದಲಿಸುವ ದೃಶ್ಯ ಉಂಟಲ್ಲ, ಅದು ಶುದ್ಧ ಬ್ಯಾಂಕ್. ಅದೇ ರಿಬ್ಬನ್, ಅದೇ ಗಿರಕಿ. ಇದನ್ನು ಸೋಮಾರಿತನ ಅನ್ನುವವರು ಒಡ್ಡೋಲಗ ನೋಡಿಲ್ಲ ಎಂದೇ ನನ್ನ ಅಭಿಪ್ರಾಯ. ಬಣ್ಣದ ವೇಷ ತೆರೆಯ ಹಿಂದಿನಿಂದ ಹೊರಗೆ ಬರುವ ಕ್ರಮ ನಮಗೆ ಬಾಯಿಪಾಠ. ಚೆಂಡೆ ಏರಿದಾಗ ಆದರೂ ಮೈ ಜುಂ ಅನ್ನುವುದು ಅದು ಬಾಯಿಪಾಠ ಆದ ಕಾರಣಕ್ಕೇ. ಇನ್ನು 1995ರ ‘ಇವಾಂಗೆಲಿಯನ್’ ತಗೊಳ್ಳಿ. ಲಿಫ್ಟಿನಲ್ಲಿ ಇಬ್ಬರು ಹುಡುಗಿಯರು ಹೆಚ್ಚುಕಡಿಮೆ ಒಂದು ನಿಮಿಷ ಮಾತಿಲ್ಲದೆ ನಿಂತಿರ್ತಾರೆ, ಚಿತ್ರ ಅಲ್ಲಾಡುವುದೇ ಇಲ್ಲ. ಅವರ ನಡುವಿನ ದ್ವೇಷ ಅಷ್ಟು ಚೆನ್ನಾಗಿ ಬೇರೆಲ್ಲೂ ಬಂದಿಲ್ಲ. ಅದೇ ಸರಣಿಯ ಕೊನೆಯ ಎರಡು ಕಂತಿನಲ್ಲಿ ಸಮಯವೂ ಮುಗಿದು, ನಿಂತ ಚಿತ್ರ, ಗೀಚು, ಸ್ವಗತಗಳಲ್ಲಿ ಕಥೆ ಚೂರುಚೂರಾಯಿತು. ಅದನ್ನು ಮಹಾನ್ ಅನ್ನುವ ಗೆಳೆಯರು ನನಗಿದ್ದಾರೆ. ನನಗೆ ಅದು ಭಾಗವತರು ಎದ್ದುಹೋದ ಮೇಲೆ ವೇಷಧಾರಿ ಒಬ್ಬನೇ ಸಂಭಾಳಿಸಿದ ಹಾಗೆ ಕಾಣ್ತದೆ.

ಫ್ರೀಝಾನ ಐದು ನಿಮಿಷಕ್ಕೂ ಕಾರಣ ವಾರದ ಲೆಕ್ಕವೇ. ಮೂಲ ಕಥೆ ವಾರಪತ್ರಿಕೆಯಲ್ಲಿ ಕೆಲವೇ ಪುಟಗಳಂತೆ ಬರುತ್ತಿತ್ತು. ಟಿವಿಯ ಒಂದು ಕಂತು ಅದಕ್ಕಿಂತ ಬೇಗ ಪುಟ ನುಂಗ್ತದೆ. ಹಾಗಾಗಿ ಟಿವಿ ಕಥೆಯನ್ನು ಹಿಡಿದುಬಿಡದ ಹಾಗೆ ಎಳೆಯಬೇಕು, ಇಲ್ಲವೇ ಮೂಲದಲ್ಲಿ ಇಲ್ಲದ್ದನ್ನು ತುಂಬಬೇಕು. ‘ಡ್ರ್ಯಾಗನ್ ಬಾಲ್’ ಎಳೆಯಿತು. ‘ನರುಟೊ’ ತುಂಬಿತು: ಮೊದಲ ಸರಣಿಯ 220 ಕಂತಿನಲ್ಲಿ 136ರಿಂದ ಕೊನೆಯವರೆಗೆ ಬಹುತೇಕ ಭರ್ತಿ ಸರಕು. ಅದನ್ನು ಬಿಟ್ಟು ನೋಡಿ, ಏನೂ ಕಳೆದುಕೊಳ್ಳುವುದಿಲ್ಲ. 2009ರಲ್ಲಿ ‘ಡ್ರ್ಯಾಗನ್ ಬಾಲ್’ ಮಾಡಿದವರೇ ಹಳೆಯದನ್ನು ಕತ್ತರಿಸಿ ‘ಕಾಯ್’ ಎಂಬ ಚುರುಕು ರೂಪ ತಂದರು. ಅದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಬೇಕಾ?

ನಮ್ಮ ಊರಿಗೆ ಇದೆಲ್ಲ ಬಂದ ದಾರಿ ಇನ್ನೊಂದು ಕಥೆ. ಎಷ್ಟೋ ದೋಷ ಆ ದಾರಿಯಲ್ಲೇ ಅಂಟಿಕೊಂಡದ್ದು.

ಮೊದಲು ಬಂದದ್ದು ಜಪಾನಿನದ್ದು ಎಂದು ನಮಗೆ ಗೊತ್ತೇ ಇರಲಿಲ್ಲ. 1993ರಲ್ಲಿ ದೂರದರ್ಶನ ಹಿಂದಿಯಲ್ಲಿ ತೋರಿಸಿದ ‘ಜಂಗಲ್ ಬುಕ್’ ನಿಪ್ಪಾನ್ ಅನಿಮೇಶನ್ ಸಂಸ್ಥೆಯ 52 ಕಂತಿನ ಸರಣಿ. ಗುಲ್ಝಾರ್ ಬರೆದು ವಿಶಾಲ್ ಭಾರದ್ವಾಜ್ ಸಂಗೀತ ಕೊಟ್ಟ ಹಾಡು, ಶೇರ್ ಖಾನನಿಗೆ ನಾನಾ ಪಾಟೇಕರ್ ಧ್ವನಿ. ಮೋಗ್ಲಿ ಅಪ್ಪಟ ಭಾರತೀಯ ಅಂತಲೇ ನಂಬಿದ್ದೆವು. ಭಾನುವಾರ ಬೆಳಿಗ್ಗೆಯ ಆ ಹೊತ್ತಿಗೆ ಇಗರ್ಜಿಯಿಂದ ಮಕ್ಕಳು ಓಡಿ ಬರುತ್ತಿದ್ದರಂತೆ. ಆ ಸರಣಿಯ ಗತಿ ನಿಧಾನ, ಚಿತ್ರ ಸಾಧಾರಣ. ಆದರೆ ತೋಳಗಳ ಹಿಂಡಿನೊಳಗಿನ ರಾಜಕೀಯವನ್ನು ಮಕ್ಕಳಿಗೆ ಅಷ್ಟು ಗಂಭೀರವಾಗಿ ಹೇಳಿದ ಕಾರ್ಟೂನ್ ಆಗ ಬೇರೆ ಇರಲಿಲ್ಲ.

ಕೇಬಲ್ ಬಂದ ಮೇಲೆ ಟೂನಾಮಿ, 2003ರಲ್ಲಿ ‘ಪೊಕೆಮಾನ್’, 2004ರಲ್ಲಿ ಆನಿಮ್ಯಾಕ್ಸ್ ಚಾನೆಲ್, ಹಂಗಾಮಾದಲ್ಲಿ ‘ಡೋರೆಮಾನ್’, ‘ಶಿನ್‌ಚಾನ್’. ಇವುಗಳಲ್ಲಿ ಕೆಲವು ಜಪಾನಿನಿಂದ ಅಮೆರಿಕಕ್ಕೆ ಹೋಗಿ, ಅಲ್ಲಿ ಕ್ಷೌರ ಮಾಡಿಸಿಕೊಂಡು ಜಗತ್ತಿಗೆ ಹೊರಟದ್ದು. ‘ಪೊಕೆಮಾನ್’ನ ಅಮೆರಿಕನ್ ಇಂಗ್ಲಿಷಿನಲ್ಲಿ ಬ್ರಾಕ್ ಅನ್ನದ ಉಂಡೆಯನ್ನು ಕೈಯಲ್ಲಿ ಹಿಡಿದು ಜೆಲ್ಲಿ ಡೋನಟ್ ಅಂತಾನೆ. ನೋಡಿದರೆ ನಮ್ಮ ಪುಂಡಿಯ ಸೋದರ ಸಂಬಂಧಿ! ಅಕ್ಕಿ ತಿನ್ನುವ ದೇಶದ ಕಥೆ ಅಕ್ಕಿ ತಿನ್ನುವ ಊರಿಗೆ ಬರುವಾಗ ನಡುವಿನವರು ಅದನ್ನು ಮೈದಾ ಮಾಡಿ ಕಳಿಸಿದರು.

‘ಶಿನ್‌ಚಾನ್’ ಮೇಲಿನ ಆರೋಪ ಇದಕ್ಕಿಂತ ದೊಡ್ಡದು. ಪೋಲಿ ಹುಡುಗ, ಮಕ್ಕಳು ಹಾಳಾಗ್ತಾರೆ ಅಂತ ದೂರು ಹೋಗಿ 2008ರಲ್ಲಿ ನಿಂತಿತು, ಮರುವರ್ಷ ಕತ್ತರಿ ಹಾಕಿಸಿಕೊಂಡು ಮರಳಿತು. 1990ರಲ್ಲಿ ಅದು ಹುಟ್ಟಿದ್ದು ದೊಡ್ಡವರ ವಾರಪತ್ರಿಕೆಯಲ್ಲಿ, ಸಾಲದ ಕಂತು ಕಟ್ಟುತ್ತಾ ಬೆವರುವ ಗಂಡ–ಹೆಂಡತಿಯನ್ನು ನೋಡಿ ನಗಲಿಕ್ಕೆ. ಅದನ್ನು ಸಂಜೆ ಐದಕ್ಕೆ ಮಕ್ಕಳ ಚಾನೆಲ್‌ನಲ್ಲಿ ಹಾಕಿದ್ದು ಶಿನ್‌ಚಾನ್‌ನ ತಪ್ಪಲ್ಲ. ಇಎಂಐ ಕಟ್ಟುವ ವಯಸ್ಸಿಗೆ ಬಂದ ಮೇಲೆ ಈಗ ಮತ್ತೆ ನೋಡಿ, ನಗುವ ಜಾಗವೇ ಬದಲಾಗ್ತದೆ. ‘ಡೋರೆಮಾನ್’ಗೆ ಈ ಲಾಭ ಇಲ್ಲ. ಉಪಾಯದ ಯಂತ್ರ ಕೊನೆಗೆ ನೊಬಿತಾನ ತಲೆಗೇ ಬಂದು ಬೀಳುವ ನೀತಿ ಚೆನ್ನಾಗಿದೆ, ಆದರೆ ನೂರು ಕಂತು ನೋಡಿದರೂ ಆ ಹುಡುಗ ಒಂದು ಇಂಚು ಬೆಳೆಯುವುದಿಲ್ಲ. ಶಿಝುಕಾ ಸ್ನಾನ ಮಾಡುವಾಗ ಬಾಗಿಲು ತೆರೆಯುವ ಹಾಸ್ಯವಂತೂ ಅಂದೂ ಹಳಸಿತ್ತು, ಇಂದು ನೋಡಲಿಕ್ಕೇ ಆಗುವುದಿಲ್ಲ.

ಇದೆಲ್ಲ ನಮ್ಮ ಮನೆಗಳಲ್ಲಿ ಮಾತಾಡಿದ್ದು ಹಿಂದಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ಸಂಜೆ ಟಿವಿಯಲ್ಲಿ ಹಿಂದಿ. ನಮ್ಮ ಎಷ್ಟೋ ಜನರ ಹಿಂದಿ ಮೇಷ್ಟ್ರು ನೊಬಿತಾ. 2013ರಲ್ಲಿ ಬಾಂಗ್ಲಾದೇಶ ಸರ್ಕಾರ ಇದೇ ಕಾರಣಕ್ಕೆ, ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಆಡ್ತಿದ್ದಾರೆ ಅಂತ, ಹಿಂದಿ ‘ಡೋರೆಮಾನ್’ ನಿಲ್ಲಿಸಿತು. ನಾನು ನಿಲ್ಲಿಸಿ ಅನ್ನುವವನಲ್ಲ. ಕನ್ನಡದಲ್ಲೂ ಇರಲಿ ಅನ್ನುವವನು. ಅದಕ್ಕೆ ಆಮೇಲೆ ಬರ್ತೇನೆ.

ಇಂಜಿನಿಯರಿಂಗ್ ಹಾಸ್ಟೆಲ್‌ಗಳ ಕಾಲಕ್ಕೆ ಚಾನೆಲ್ ಬೇಡವಾಯಿತು, ಲ್ಯಾನ್ ಸಾಕಿತ್ತು. ಜಪಾನಿ ಧ್ವನಿ, ಕೆಳಗೆ ಇಂಗ್ಲಿಷ್ ಅಕ್ಷರ. ಪ್ರತಿಯೊಬ್ಬರ ಪೆನ್‌ಡ್ರೈವ್‌ನಲ್ಲೂ ಇದ್ದದ್ದು 37 ಕಂತಿನ ‘ಡೆತ್ ನೋಟ್’. ಮೊದಲ ಎರಡು ಪಾಲು ವಾದದ ಮೇಲೆ ವಾದ, ಅಪ್ಪಟ ತಾಳಮದ್ದಳೆ. 25ನೇ ಕಂತಿನಲ್ಲಿ ಒಬ್ಬ ಅರ್ಥಧಾರಿ ಎದ್ದುಹೋಗ್ತಾನೆ (ಯಾರೆಂದು ಹೇಳುವುದಿಲ್ಲ), ಅವನ ಜಾಗಕ್ಕೆ ಬಂದ ಹುಡುಗರಿಗೆ ಪ್ರಸಂಗ ಗೊತ್ತು, ಎದುರಾಳಿಯನ್ನು ಎಬ್ಬಿಸುವ ಮಾತು ಗೊತ್ತಿಲ್ಲ.

ಈಚೆಗೆ ಜಪಾನಿನಲ್ಲೂ ಕಾಲಮಿತಿ ಬಂತು. ನಮ್ಮಲ್ಲಿ ರಾತ್ರಿಯಿಡೀ ಆಡುತ್ತಿದ್ದ ಧರ್ಮಸ್ಥಳ ಮೇಳವೂ ಕಾಲಮಿತಿಗೆ ಹೊರಳಿದ ಹಾಗೆ, ಅಲ್ಲಿ ವರ್ಷವಿಡೀ ಓಡುವ ಸರಣಿ ಕಡಿಮೆಯಾಗಿ 12–13 ಕಂತಿನ ಸೀಸನ್‌ಗಳು ರೂಢಿಯಾದವು. 1999ರಿಂದ ಓಡುತ್ತಾ ಸಾವಿರ ಕಂತು ದಾಟಿದ ‘ಒನ್ ಪೀಸ್’ ಕೂಡ 2026ರಿಂದ ವರ್ಷಕ್ಕೆ ಹೆಚ್ಚೆಂದರೆ 26 ಕಂತು ಎಂದು ಪ್ರಕಟಿಸಿತು. ಭರ್ತಿ ಸರಕು ಹೋಯಿತು, ಚಿತ್ರ ಚೆಂದ ಆಯಿತು. ‘ಅಟ್ಯಾಕ್ ಆನ್ ಟೈಟನ್’ ಹಾಗೆ ಬಿಗಿಯಾಗಿ ಬಂದ ಕಥೆ. ನಾಯಕ ಕಣ್ಣೆದುರೇ ಖಳನಾಗುವುದನ್ನು ಅದು ನಮ್ಮಿಂದ ಮುಚ್ಚಿಡಲಿಲ್ಲ. ಆದರೆ 2020ರಲ್ಲಿ ‘ಫೈನಲ್ ಸೀಸನ್’ ಎಂದು ಶುರುವಾದದ್ದು ಮುಗಿದದ್ದು 2023ರ ನವೆಂಬರಿನಲ್ಲಿ. ಮಂಗಳ ಹಾಡಿದ ಮೇಲೆ ಮತ್ತೆ ಪೀಠಿಕೆ, ಮತ್ತೆ ಮಂಗಳ. ವಾರದ ಒತ್ತಡವೂ ಹೋಗಲಿಲ್ಲ, ಚಿತ್ರಕಾರರ ನಿದ್ದೆಯ ಮೇಲೆ ಬಂತು. 2023ರಲ್ಲಿ ‘ಜುಜುತ್ಸು ಕೈಸೆನ್’ ಎರಡನೇ ಸೀಸನ್ ಬರುತ್ತಿದ್ದಾಗ ಕೆಲಸ ಮಾಡುತ್ತಿದ್ದವರೇ ಬಹಿರಂಗವಾಗಿ ಗೋಳು ಹೇಳಿಕೊಂಡರು. ನಾವು ಅದ್ಭುತ ಎಂದು ಶೇರ್ ಮಾಡಿದ ಯುದ್ಧದೃಶ್ಯಗಳೂ ಅದೇ ಸೀಸನ್ನಿನವು.

2025ರ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಸಿನಿಮಾ 155 ನಿಮಿಷ. ಅದರಲ್ಲಿ ಅಕಾಝಾ ಎಂಬ ರಾಕ್ಷಸ ಸಾಯುವ ಮೊದಲು ತನ್ನ ಮನುಷ್ಯ ಜನ್ಮವನ್ನೆಲ್ಲ ನೆನಪಿಸಿಕೊಳ್ತಾನೆ. ಯುದ್ಧದ ಬಿಸಿ ಆರಿತು ಅಂತ ಎಷ್ಟೋ ಜನ ದೂರಿದರು. ನನಗೆ ಇಡೀ ಸಿನಿಮಾದಲ್ಲಿ ಹಿಡಿಸಿದ್ದು ಅದೇ. ಎದೆಗೆ ಬಾಣ ನಾಟಿದ ಮೇಲೆಯೇ ವಾಲಿಯೂ ಮಾತಾಡುವುದು. ನನ್ನ ತಕರಾರು ಬೇರೆ. ಒಂದೇ ಸಿನಿಮಾದ ಮೂರು ಯುದ್ಧಕ್ಕೂ ಅದೇ ಅಚ್ಚು: ಹೊಡೆತ, ನೆನಪು, ಕಣ್ಣೀರು. ಮೂರನೆಯದಕ್ಕೆ ಬರುವಾಗ ಹಿಂದಿನ ಎರಡು ಅದರ ಬೆಲೆ ಇಳಿಸಿರ್ತವೆ.

ಆ ಸಿನಿಮಾ ಸೆಪ್ಟೆಂಬರ್ 12ರಂದು ಭಾರತದಲ್ಲಿ ಬಿಡುಗಡೆಯಾದದ್ದು ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಅದೇ ವರ್ಷದ ಜನವರಿಯಲ್ಲಿ ಮರುಬಿಡುಗಡೆಯಾದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಕೂಡ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಯುಗೊ ಸಾಕೊ ಎಂಬ ಜಪಾನಿ 1983ರಲ್ಲಿ ಉತ್ಖನನದ ಸಾಕ್ಷ್ಯಚಿತ್ರಕ್ಕೆಂದು ಭಾರತಕ್ಕೆ ಬಂದು, ರಾಮಾಯಣಕ್ಕೆ ಮರುಳಾಗಿ, ಹತ್ತು ವರ್ಷ ಹೋರಾಡಿ, ನಮ್ಮ ರಾಮ್ ಮೋಹನ್ ಜೊತೆ ಸೇರಿ ಮಾಡಿದ ಸಿನಿಮಾ ಅದು. ಕುಂಭಕರ್ಣ ಎದ್ದು ಬರುವ ಭಾಗವನ್ನು ಇಂದಿಗೂ ದೊಡ್ಡ ಪರದೆಯಲ್ಲೇ ನೋಡಬೇಕು. ದೋಷ ಎಂದರೆ ರಾವಣ. ನೋಡಲಿಕ್ಕೆ ಭವ್ಯ, ಆದರೆ ಬಾಯಲ್ಲಿ ಮಾತಿಲ್ಲ. ಇಲ್ಲಿಂದ ಒಂದೆರಡು ಗಂಟೆ ದೂರದ ಕುಂಬಳೆಯಲ್ಲಿ ಪಾರ್ತಿಸುಬ್ಬ ರಾಮಾಯಣವನ್ನು ಪ್ರಸಂಗಗಳಾಗಿ ಬರೆದು ಶತಮಾನಗಳಾದವು. ಆ ಪದಗಳಿಗೆ ಅರ್ಥ ಹೇಳುವ ರಾವಣನನ್ನು ಕೇಳಿ ಬೆಳೆದವರಿಗೆ ಈ ರಾವಣ ಸಾಲುವುದಿಲ್ಲ.

ಕನ್ನಡ ಯಾಕಿಲ್ಲ ಎಂಬುದಕ್ಕೆ 1960ರ ದಶಕಕ್ಕೆ ಹೋಗಬೇಕು. ಕನ್ನಡ ಚಿತ್ರರಂಗ ಉಳಿಯಬೇಕೆಂದು ಡಬ್ಬಿಂಗ್ ವಿರುದ್ಧ ಚಳವಳಿ ನಡೆಯಿತು. ಆ ಕಾಲಕ್ಕೆ ಅದು ಸರಿಯೇ ಇತ್ತು ಎಂದು ನನಗೂ ಅನ್ನಿಸ್ತದೆ. ಆಮೇಲೆ ಅದು ಕಾನೂನಿಲ್ಲದ ನಿಷೇಧವಾಗಿ ಅರ್ಧ ಶತಮಾನ ಕೂತಿತು. ಮಕ್ಕಳಿಗೆ ಚಿಂಟು ಟಿವಿ ಕಾರ್ಟೂನ್‌ಗಳನ್ನು ಕನ್ನಡ ಮಾಡಿ ತೋರಿಸಿದ್ದು ಬಿಟ್ಟರೆ ಬಾಗಿಲು ಮುಚ್ಚಿಯೇ ಇತ್ತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ವಾಣಿಜ್ಯ ಮಂಡಳಿ ಮುಂತಾದವರಿಗೆ ದಂಡ ಹಾಕಿತು. 2017ರಲ್ಲಿ ಅಜಿತ್ ಅವರ ತಮಿಳು ಸಿನಿಮಾ ‘ಸತ್ಯದೇವ್ ಐಪಿಎಸ್’ ಆಗಿ ಕನ್ನಡದಲ್ಲಿ ಬಂತು. ಅಡ್ಡಿ ಹೋಗಿ ಹತ್ತು ವರ್ಷ ಆಯಿತು. ಅಷ್ಟರೊಳಗೆ ನಾವು ಬೇರೆ ಭಾಷೆಯಲ್ಲಿ ನೋಡಿ ಅಭ್ಯಾಸ ಮಾಡಿಕೊಂಡಿದ್ದೆವು. ಇವರು ಹೇಗೂ ನೋಡ್ತಾರೆ ಎಂದು ಕಂಪನಿಗಳಿಗೂ ಗೊತ್ತಾಗಿತ್ತು. ಕ್ರಂಚಿರೋಲ್‌ನಲ್ಲಿ ಭಾಷೆಯ ಪಟ್ಟಿ ತೆರೆದರೆ ಈಗಲೂ ಹಿಂದಿ, ತಮಿಳು, ತೆಲುಗು.

ಅಕಾಝಾನ ಆ ಕೊನೆಯ ಇಪ್ಪತ್ತು ನಿಮಿಷವನ್ನು ಕನ್ನಡದಲ್ಲಿ ಆಡಬಲ್ಲವರು ಈ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ ಗೊತ್ತುಂಟಾ? ಮಳೆಗಾಲದಲ್ಲಿ ಮೇಳಕ್ಕೆ ರಜೆ. ಅವರಿಗೆ ಪುರುಸೊತ್ತೂ ಇರ್ತದೆ.