ಓಲೆಗರಿಯ ತಪ್ಪುಗಳು, ಕ್ಯಾನ್ಸರಿನ ವಯಸ್ಸು

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಸಿಡಿಲಿನಂತೆ ಎರಗುವ ರೋಗವೆಂಬ ಭಾವನೆ ಬಹುಕಾಲ ಇತ್ತು. ಜಠರದ ಹಿಂದೆ ಅಡಗಿರುವ ಈ ಗ್ರಂಥಿಯಲ್ಲಿ ಗಡ್ಡೆ ಪತ್ತೆಯಾಗುವ ಹೊತ್ತಿಗೆ, ಅದು ಅನೇಕರಲ್ಲಿ ಯಕೃತ್ತಿಗೋ ಶ್ವಾಸಕೋಶಕ್ಕೋ ಹಬ್ಬಿರುತ್ತದೆ. ಹಾಗಾದರೆ ಇದರ ನಿಜವಾದ ವಯಸ್ಸೆಷ್ಟು?

1988ರಲ್ಲಿ ಒಂದು ಎಳೆ ಸಿಕ್ಕಿತು. ಈ ಗಡ್ಡೆಗಳಲ್ಲಿ ಹೆಚ್ಚಿನವುಗಳಲ್ಲಿ ‘ಕೆ-ರಾಸ್’ ಎಂಬ ಒಂದೇ ವಂಶವಾಹಿ ಕೆಟ್ಟಿರುತ್ತದೆಂದು ತಿಳಿಯಿತು. ಅದು ಕೆಟ್ಟರೆ ‘ಬೆಳೆ’ ಎಂಬ ಆಜ್ಞೆ ಜೀವಕೋಶಕ್ಕೆ ಎಡೆಬಿಡದೆ ಹೋಗುತ್ತಲೇ ಇರುತ್ತದೆ.

ಮುಂದೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೀನ್ ಇಯಾಕೊಬುಜಿಯೊ-ಡೊನಹ್ಯೂ ಅವರ ತಂಡ, ಈ ರೋಗದಿಂದ ತೀರಿಕೊಂಡ ಏಳು ಮಂದಿಯ ಗಡ್ಡೆಗಳನ್ನು ಶವಪರೀಕ್ಷೆಯಲ್ಲಿ ತೆಗೆದು ಹೋಲಿಸಿತು. ಜೀವಕೋಶ ಒಡೆದು ಎರಡಾಗುವಾಗ ವಂಶವಾಹಿಗಳಲ್ಲಿ ಸಣ್ಣ ತಪ್ಪುಗಳು ನುಸುಳುತ್ತವೆ, ಮುಂದಿನ ಪೀಳಿಗೆಗೂ ಇಳಿಯುತ್ತವೆ. ಓಲೆಗರಿಯ ಪ್ರತಿಕಾರರು ಮಾಡಿದ ತಪ್ಪುಗಳಿಂದ ಯಾವ ಪ್ರತಿ ಮೊದಲಿನದು, ಯಾವುದು ನಂತರದ್ದು ಎಂದು ಪಂಡಿತರು ಗುರುತಿಸುವುದಿಲ್ಲವೇ? ಇಲ್ಲೂ ಹಾಗೆಯೇ.

2010ರಲ್ಲಿ ಪ್ರಕಟವಾದ ಲೆಕ್ಕ ಅಚ್ಚರಿ ತಂದಿತು. ಮೊದಲ ತಪ್ಪಿನಿಂದ ನಿಜವಾದ ಕ್ಯಾನ್ಸರ್ ಕೋಶ ಹುಟ್ಟಲು ಕನಿಷ್ಠ 10 ವರ್ಷ. ಹರಡುವ ಶಕ್ತಿ ಬರಲು ಮತ್ತೆ ಕನಿಷ್ಠ 5 ವರ್ಷ. ಅಲ್ಲಿಂದ ಸಾವಿಗೆ ಸರಾಸರಿ 2 ವರ್ಷ.

ಎಲ್ಲವೂ ಇಷ್ಟು ಸರಳವಲ್ಲ. ಗಡ್ಡೆ ರೂಪುಗೊಳ್ಳುವ ಮೊದಲೇ ಕೋಶಗಳು ರಕ್ತಕ್ಕೆ ಇಳಿಯಬಲ್ಲವೆಂದು 2012ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಇಲಿಗಳಲ್ಲಿ ತೋರಿಸಿತು.

ಜನಸಾಮಾನ್ಯರೆಲ್ಲರಿಗೂ ಮಾಡಬಹುದಾದ ಮುನ್ಸೂಚನೆಯ ಪರೀಕ್ಷೆ ಇನ್ನೂ ಬಂದಿಲ್ಲ. ಆದರೆ ಅದನ್ನು ಹುಡುಕಲು ವರ್ಷಗಳ ಬಿಡುವಿದೆ ಎಂಬ ಭರವಸೆ ಕೊಟ್ಟವರು, ಆ ಬಿಡುವು ತಮಗೆ ದಕ್ಕದೆ ಹೋದ ಏಳು ಮಂದಿ.