ನಾಲ್ಕು ತೂತುಗಳ ಚರಿತ್ರೆ

ಕಳೆದ ಮಳೆಗಾಲದಲ್ಲಿ ನಾನು ಮೊದಲ ಸಲ ಮರಗೆಲಸಕ್ಕೆ ಕೈ ಹಾಕಿದೆ. ಪುಣೆಯ ನಮ್ಮ ಬಾಡಿಗೆ ಮನೆಯಲ್ಲಿ ಟೀವಿ ಗೋಡೆಯ ಮೇಲಿದೆ. ಆದರೆ ಅದರ ಪರಿವಾರಕ್ಕೆ, ಅಂದರೆ ಸೆಟ್‌ಟಾಪ್ ಬಾಕ್ಸು, ರೌಟರು, ಒಂದು ಸ್ಪೀಕರು, ಇವಕ್ಕೆಲ್ಲ ಜಾಗವಿರಲಿಲ್ಲ. ಎಲ್ಲವೂ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಒಂದರ ಮೇಲೊಂದು ಕೂತಿದ್ದವು. ಅಂಗಡಿಯಲ್ಲಿ ನೋಡಿದ ತೇಲುವ ಶೆಲ್ಫಿನಂಥದ್ದನ್ನು ನಾನೇ ಮಾಡುತ್ತೇನೆಂದು ಹೊರಟೆ. ಕೆಳಗೆ ಕಾಲಿಲ್ಲ, ಬ್ರಾಕೆಟ್ ಕಾಣುವುದಿಲ್ಲ, ಹಲಗೆ ಗೋಡೆಯಿಂದಲೇ ಹುಟ್ಟಿ ಬಂದಂತಿರುತ್ತದೆ. ನಾಲ್ಕು ಅಡಿ ಉದ್ದ, ಎಂಟು ಇಂಚು ಅಗಲ. ಗೋಡೆಗೆ ಒಂದು ಮರದ ಪಟ್ಟಿ, ಅದರಿಂದ ಮುಂದಕ್ಕೆ ಚಾಚಿದ ಮೂರು ತೋಳು, ಅದರ ಮೇಲೆ ಬೆಂಕಿಪೊಟ್ಟಣದ ಹೊರಕವಚದ ಹಾಗೆ ಪ್ಲೈವುಡ್ಡಿನ ಟೊಳ್ಳು ಪೆಟ್ಟಿಗೆ. ಇಷ್ಟೇ ಗುಟ್ಟು.

ನಾಲ್ಕನೆಯ ದಿನ ರಾತ್ರಿ ಅದು ಕೆಳಗೆ ಬಿತ್ತು. ಸ್ಪೀಕರಿನ ಒಂದು ಮೂಲೆ ಒಡೆಯಿತು. ಹಲಗೆಗೆ ಏನೂ ಆಗಿರಲಿಲ್ಲ. ಕೀಲು, ಅಂಟು, ಸ್ಕ್ರೂ ಎಲ್ಲ ಸರಿಯಾಗಿದ್ದವು. ಕೈಕೊಟ್ಟದ್ದು ಗೋಡೆ. ನನ್ನ ಗಮನವೆಲ್ಲ ಮರದ ಮೇಲಿತ್ತು, ಗೋಡೆಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ಆಮೇಲೆ ಓದುತ್ತಾ ಹೋದಾಗ, ಗೋಡೆಯ ಮೇಲಿನ ಹಲಗೆಯ ಚರಿತ್ರೆ ಮುಖ್ಯವಾಗಿ ಹಲಗೆಯದ್ದಲ್ಲ, ಗೋಡೆಯದ್ದು, ಮತ್ತು ಆ ಗೋಡೆ ಯಾರದ್ದು ಎಂಬುದರದ್ದು ಎಂದು ಅರ್ಥವಾಯಿತು.

ಮೊದಲು ಮಾತುಗಳಿಂದ ಶುರುಮಾಡುತ್ತೇನೆ. ಶೆಲ್ಫಿಗೆ ಕನ್ನಡದಲ್ಲಿ ಪದವಿಲ್ಲ ಎಂದುಕೊಂಡವರಿಗೆ ‘ನಾಗಂದಿಗೆ’ ನೆನಪಿಸಬೇಕು. ಶಿರಸಿ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಅಡುಗೆಮನೆಯ ಗೋಡೆಗೆ ಎತ್ತರದಲ್ಲಿ ಚಾಚಿದ್ದ ಹಲಗೆಗೆ ಅದೇ ಹೆಸರು. ಉಪ್ಪಿನಕಾಯಿ ಭರಣಿ, ದಿನಬಳಕೆಗೆ ಬೇಡದ ಹಿತ್ತಾಳೆ ಪಾತ್ರೆ ಎಲ್ಲ ಅಲ್ಲಿ. ಸಂಸ್ಕೃತದಲ್ಲಿ ‘ನಾಗದಂತ’ ಎಂಬ ಮಾತಿದೆ. ಆನೆಯ ದಂತ ಎಂದು ಒಂದು ಅರ್ಥ, ಗೋಡೆಯಿಂದ ಹೊರಚಾಚಿದ ಗೂಟ ಎಂದು ಇನ್ನೊಂದು. ಎರಡು ಮಾತುಗಳ ಧ್ವನಿಸಾಮ್ಯ ಎದ್ದು ಕಾಣುತ್ತದೆ. ಆದರೆ ಸಾಮ್ಯವೊಂದೇ ವ್ಯುತ್ಪತ್ತಿಗೆ ಸಾಕ್ಷಿಯಲ್ಲ ಎಂದು ಭಾಷಾಶಾಸ್ತ್ರದ ಮೊದಲ ತರಗತಿಯಲ್ಲೇ ಹೇಳಿಕೊಡುತ್ತಾರೆ. ಹಾಗಾಗಿ ಅದನ್ನು ಅಲ್ಲಿಗೇ ಬಿಟ್ಟು ನಾಗದಂತದ ಬಳಕೆಯನ್ನು ನೋಡೋಣ.

ವಾತ್ಸ್ಯಾಯನನ ಕಾಮಸೂತ್ರದಲ್ಲಿ ನಾಗರಕನ, ಎಂದರೆ ಅನುಕೂಲಸ್ಥ ಪಟ್ಟಣಿಗನ, ಕೋಣೆಯ ವರ್ಣನೆ ಬರುತ್ತದೆ. ಅಲ್ಲಿ ನಾಗದಂತಕ್ಕೆ ವೀಣೆ ತೂಗುಹಾಕಿರುತ್ತದೆ. ಜೊತೆಗೆ ಚಿತ್ರ ಬರೆಯುವ ಹಲಗೆ, ಬಣ್ಣದ ಕಡ್ಡಿಗಳ ಪೆಟ್ಟಿಗೆ, ಯಾವುದಾದರೊಂದು ಪುಸ್ತಕ, ಹೂಮಾಲೆ. ಸಂಗೀತ, ಚಿತ್ರ, ಓದು ಮೂರೂ ಒಂದೇ ಕೋಣೆಯಲ್ಲಿ. ಈಗ ನಾವು ಟೀವಿಯ ಸುತ್ತ ಜೋಡಿಸುವುದು ಹೆಚ್ಚುಕಡಿಮೆ ಇದೇ ಪಟ್ಟಿಯನ್ನು. ಪಂಚತಂತ್ರದಲ್ಲಿಯೂ ನಾಗದಂತವಿದೆ, ಆದರೆ ಅದು ಭಿಕ್ಷುವಿನ ಕೋಣೆ. ಅವನು ಭಿಕ್ಷೆಯಲ್ಲಿ ಉಳಿದ ಅನ್ನದ ಪಾತ್ರೆಯನ್ನು ಗೂಟಕ್ಕೆ ತೂಗುಹಾಕಿ ಮಲಗುತ್ತಾನೆ, ಹಿರಣ್ಯಕನೆಂಬ ಇಲಿ ಹಾರಿ ಹಾರಿ ಅದನ್ನು ತಿನ್ನುತ್ತದೆ. ಹೆಸರಿನಲ್ಲಿ ದಂತವಿದ್ದರೂ ಭಿಕ್ಷುವಿನ ಗೂಟ ಮರದ್ದೇ ಇದ್ದೀತು. ಸಿರಿವಂತನ ವೀಣೆಗೂ ಬಡವನ ಅನ್ನಕ್ಕೂ ಗೋಡೆಯೇ ಆಸರೆ. ಇಲಿ, ಗೆದ್ದಲು, ತೇವ, ಮಕ್ಕಳ ಕೈ, ಇವೆಲ್ಲ ನೆಲದಿಂದ ಬರುವ ಕಾಟಗಳು. ನೆಲದಿಂದ ಮೇಲೆತ್ತಿದ್ದು ಉಳಿಯುತ್ತಿತ್ತು.

ಹೊರಚಾಚಿದ ಗೂಟದ ಜೊತೆಗೆ ಇನ್ನೊಂದು ಉಪಾಯವಿತ್ತು, ಗೋಡೆಯ ಒಳಕ್ಕೇ ಹೋಗುವುದು. ಮಣ್ಣಿನ, ಕಲ್ಲಿನ, ಜಂಬಿಟ್ಟಿಗೆಯ ಗೋಡೆ ಒಂದೂವರೆ ಎರಡು ಅಡಿ ದಪ್ಪವಿರುತ್ತಿತ್ತು. ಚಾವಣಿಯ ಭಾರ ಹೊರಲು ಅಷ್ಟು ದಪ್ಪ ಬೇಕಿತ್ತು. ಕಟ್ಟುವಾಗಲೇ ನಡುವೆ ಒಂದಿಷ್ಟು ಜಾಗ ಬಿಟ್ಟರೆ ಗೂಡು ತಯಾರು. ದೀಪಕ್ಕೊಂದು, ದೇವರಿಗೊಂದು, ಪುಸ್ತಕಕ್ಕೊಂದು. ಹಕ್ಕಿಯ ಮನೆಗೂ ಇದಕ್ಕೂ ಕನ್ನಡ ಒಂದೇ ಮಾತು ಇಟ್ಟುಕೊಂಡಿದೆ. ಉತ್ತರ ಕರ್ನಾಟಕದವರು ‘ಮಾಡ’ ಎನ್ನುತ್ತಾರೆ. ಚೆನ್ನೈಯಲ್ಲಿರುವವರು ‘ಮಾಡಂ’ ಎಂದು ಕೇಳಿರುತ್ತೀರಿ, ಪುಣೆ ಮುಂಬಯಿಯವರು ‘ಕೋನಾಡಾ’ ಎಂದು, ದಿಲ್ಲಿಯವರು ‘ಆಲಾ’ ಎಂದು, ಹೈದರಾಬಾದಿನವರು ‘ತಾಕ್’ ಎಂದು. ಹಿಂದಿಯಲ್ಲಿ ಏನನ್ನಾದರೂ ‘ತಾಕ್ ಪರ್’ ಇಟ್ಟರು ಎಂದರೆ ಬದಿಗೊತ್ತಿದರು ಎಂದರ್ಥ. ಇದರ ಅರಸು ರೂಪವೇ ಚೀನೀಖಾನಾ. ಪಿಂಗಾಣಿ ಪಾತ್ರೆ, ಹೂದಾನಿ ಇಡಲು ಗೋಡೆಯ ತುಂಬ ಸಾಲುಸಾಲಾಗಿ ಕೊರೆದ ಪುಟ್ಟ ಕಮಾನಿನ ಗೂಡುಗಳು. ಮೊಘಲರ ಕಟ್ಟಡಗಳಲ್ಲಿ ಇದನ್ನು ನೋಡಬಹುದು.

ಗೂಡಿನ ವಿಶೇಷವೆಂದರೆ ಅದನ್ನು ಆಮೇಲೆ ಸೇರಿಸುವುದು ಕಷ್ಟ. ಎಲ್ಲಿ ಬೇಕು, ಎಷ್ಟು ಬೇಕು ಎಂದು ಮನೆ ಕಟ್ಟುವ ಮೊದಲೇ ತೀರ್ಮಾನವಾಗಬೇಕು. ತೀರ್ಮಾನಿಸುವವರು ಮನೆ ಕಟ್ಟಿಸುವವರು. ಗೂಡು ಮನೆಯದ್ದು, ಅದನ್ನು ಯಾರೂ ಹೊತ್ತುಕೊಂಡು ಹೋಗುವಂತಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಗೋಡೆ ತೆಳುವಾಯಿತು. ಕಾಂಕ್ರೀಟಿನ ಕಂಬ ತೊಲೆಗಳು ಭಾರ ಹೊರಲು ಶುರುಮಾಡಿದ ಮೇಲೆ ಗೋಡೆಯ ಕೆಲಸ ಬರೀ ಮರೆ ಮಾಡುವುದು. ಒಳಗೋಡೆ ನಾಲ್ಕೂವರೆ ಇಂಚಿಗೆ ಇಳಿಯಿತು. ಅದರಲ್ಲಿ ಗೂಡು ಎಲ್ಲಿಂದ ಬರಬೇಕು? ಅದೇ ಹೊತ್ತಿಗೆ ಊರು ಬಿಟ್ಟವರು ಬೇರೆಯವರು ಕಟ್ಟಿದ ಕೋಣೆಗಳಲ್ಲಿ ವಾಸಿಸತೊಡಗಿದರು. ಮುಂಬಯಿಯ ಬಿಡಿಡಿ ಚಾಳುಗಳು 1920ರ ದಶಕದವು. ಒಂದು ಕುಟುಂಬಕ್ಕೆ ಸುಮಾರು 160 ಚದರಡಿಯ ಒಂದು ಕೋಣೆ. ನೆಲದಲ್ಲಿ ಜಾಗವಿಲ್ಲದ ಮೇಲೆ ಮೇಲಕ್ಕೇ ಹೋಗಬೇಕು. ಗೋಡೆಗೆ ಫಳಿ ಬಂತು, ಚಾವಣಿಯ ಕೆಳಗೆ ಪೋಟಮಾಳಾ ಎಂಬ ಅಟ್ಟ ಬಂತು. ಮರಾಠಿಯ ಫಳಿ, ಕನ್ನಡದ ಹಲಗೆ, ತಮಿಳಿನ ಪಲಗೈ, ಸಂಸ್ಕೃತದ ಫಲಕ, ಎಲ್ಲ ಒಂದೇ ಬಳಗದ ಮಾತುಗಳು. 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೆಯ ಬಾಡಿಗೆಗಳನ್ನು ಹಿಡಿದಿಟ್ಟಿತು, ಬಾಡಿಗೆದಾರರನ್ನು ಎಬ್ಬಿಸುವುದು ಕಷ್ಟವಾಯಿತು. ಅಂಥ ಮನೆಗಳಲ್ಲಿ ಎರಡು ಮೂರು ತಲೆಮಾರು ಬಾಳಿದವರು ಗೋಡೆಯನ್ನು ತಮ್ಮದೆಂದೇ ತಿಳಿದು ಮೊಳೆ ಹೊಡೆದರು.

ಆದರೆ ಇಟ್ಟಿಗೆಯ ಗೋಡೆಯಲ್ಲಿ ಮೊಳೆಯಾಗಲಿ ಸ್ಕ್ರೂ ಆಗಲಿ ತಾನಾಗಿ ನಿಲ್ಲುವುದಿಲ್ಲ. ಮರದಲ್ಲಿ ಸ್ಕ್ರೂ ನಾರುಗಳನ್ನು ಕಚ್ಚಿ ಹಿಡಿಯುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ. ಹಳೆಯ ದಾರಿಯೆಂದರೆ ಉಳಿ ಸುತ್ತಿಗೆಯಿಂದ ಗೋಡೆಯಲ್ಲಿ ಚೌಕ ತೂತು ಕೊರೆದು, ಮರದ ಬೆಣೆ ಜಡಿದು, ಬೆಣೆಗೆ ಮೊಳೆ ಹೊಡೆಯುವುದು. ಇದರಿಂದ ಗೋಡೆ ಹಾಳಾಗುತ್ತಿತ್ತು.

ಈ ಸಮಸ್ಯೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೂ ಬಂತು. ಅಲ್ಲಿ ಗೋಡೆಗಳಿಗೆ ವಿದ್ಯುತ್ ಉಪಕರಣ ಕೂರಿಸಬೇಕಿತ್ತು, ಗೋಡೆ ಮಾತ್ರ ಹಾಳಾಗಬಾರದು. ಕೆಲಸ ವಹಿಸಿಕೊಂಡ ಗುತ್ತಿಗೆದಾರ ಜಾನ್ ಜೋಸೆಫ್ ರಾಲಿಂಗ್ಸ್ ಒಂದು ಉಪಾಯ ಮಾಡಿದ. ಸೆಣಬಿನ ನಾರನ್ನು ಪ್ರಾಣಿಗಳ ರಕ್ತದ ಅಂಟಿನಲ್ಲಿ ಗಟ್ಟಿಮಾಡಿ ಸಣ್ಣ ಕೊಳವೆ ಮಾಡಿದ. ಗುಂಡಗಿನ ಸಣ್ಣ ತೂತಿನಲ್ಲಿ ಅದನ್ನಿಟ್ಟು ಸ್ಕ್ರೂ ತಿರುಗಿಸಿದರೆ ನಾರು ಹಿಗ್ಗಿ ಗೋಡೆಯನ್ನು ಒತ್ತಿ ಹಿಡಿಯುತ್ತದೆ. 1911ರಲ್ಲಿ ಪೇಟೆಂಟ್ ಆಯಿತು. ಅದರ ಹೆಸರು ರಾಲ್‌ಪ್ಲಗ್. ಬೆಂಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಇವತ್ತಿಗೂ ‘ರಾಲ್ ಪ್ಲಗ್ ಕೊಡಿ’ ಎನ್ನುತ್ತೇವೆ. ಅದು ಒಬ್ಬ ಮನುಷ್ಯನ ಹೆಸರಿನ ಮೊದಲರ್ಧ ಎಂದು ನನಗೆ ಈ ಹಲಗೆ ಬೀಳುವವರೆಗೂ ಗೊತ್ತಿರಲಿಲ್ಲ. ಪುಣೆಯಲ್ಲಿ ಹಿಂದಿ ಮಾತಾಡುವ ಮಿಸ್ತ್ರಿಗಳು ಅದನ್ನೇ ‘ಗಿಟ್ಟಿ’ ಎನ್ನುತ್ತಾರೆ.

ಈಗ ನಾವು ಬಳಸುವ ಪ್ಲಾಸ್ಟಿಕ್ ಪ್ಲಗ್ಗಿನ ಮೂಲ 1958ರದ್ದು. ಜರ್ಮನಿಯ ಆರ್ಟುರ್ ಫಿಷರ್ ನೈಲಾನಿನಲ್ಲಿ ಮಾಡಿದ ಪ್ಲಗ್ಗಿಗೆ ಹೊರಮೈಯಲ್ಲಿ ಹಲ್ಲುಗಳಿದ್ದವು, ಸ್ಕ್ರೂ ಜೊತೆ ತಾನೂ ತಿರುಗದಂತೆ ಎರಡು ರೆಕ್ಕೆಗಳಿದ್ದವು. ಫಿಷರ್ ಸಾವಿರಕ್ಕೂ ಹೆಚ್ಚು ಪೇಟೆಂಟ್ ಪಡೆದವನು, ಆದರೆ ಅವನ ಹೆಸರು ಉಳಿದದ್ದು ಹೆಬ್ಬೆರಳಿಗಿಂತ ಚಿಕ್ಕದಾದ ಈ ವಸ್ತುವಿನಿಂದ. ಇದರ ಜೊತೆಗೆ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲು ಅಗ್ಗವಾಗುತ್ತಾ ಬಂತು. ಪಿಸ್ತೂಲಿನ ಹಿಡಿ, ಬೆರಳಿನ ಗುಂಡಿ ಇರುವ ಡ್ರಿಲ್ಲಿಗೆ ಬ್ಲ್ಯಾಕ್ ಅಂಡ್ ಡೆಕ್ಕರ್ ಪೇಟೆಂಟ್ ಪಡೆದದ್ದು 1917ರಲ್ಲಿ. ಡ್ರಿಲ್ಲು, ಪ್ಲಗ್ಗು ಎರಡೂ ಸೇರಿದ ಮೇಲೆ ಕಸುಬುದಾರನಲ್ಲದವನೂ ಗೋಡೆಗೆ ಭಾರ ತೂಗುಹಾಕಬಹುದಾಯಿತು.

ಹಲಗೆಯ ರೂಪ ಬದಲಾದದ್ದು ಈ ಎರಡು ಪ್ಲಗ್ಗುಗಳ ನಡುವಿನ ಕಾಲದಲ್ಲಿ. ಎರಡನೆಯ ಮಹಾಯುದ್ಧ ಮುಗಿಯುತ್ತಾ ಬಂದಾಗ ಯುರೋಪು ಅಮೆರಿಕಗಳಲ್ಲಿ ಮನೆಗಳ ಕೊರತೆ, ಇದ್ದ ಮನೆಗಳು ಚಿಕ್ಕವು. 1945ರ ಜನವರಿಯಲ್ಲಿ ಅಮೆರಿಕದ ಲೈಫ್ ಪತ್ರಿಕೆ ಜಾರ್ಜ್ ನೆಲ್ಸನ್ ರೂಪಿಸಿದ ಸ್ಟೋರೇಜ್‌ವಾಲನ್ನು ಪ್ರಕಟಿಸಿತು. ಎರಡು ಕೋಣೆಗಳ ನಡುವಿನ ಗೋಡೆಯನ್ನೇ ಕಪಾಟು ಮಾಡುವ ಯೋಚನೆ ಅದು. ಒಂದರ್ಥದಲ್ಲಿ ಗೂಡನ್ನು ಮರಳಿ ತರುವ ಯತ್ನ, ಆದರೆ ಮತ್ತೆ ಮನೆ ಕಟ್ಟಿಸುವವರಿಗೇ ಅನುಕೂಲ. ಡೆನ್ಮಾರ್ಕಿನ ಪೌಲ್ ಕಡೋವಿಯಸ್ ಇನ್ನೊಂದು ದಾರಿ ಹಿಡಿದ. ನಾವು ಬರೀ ನೆಲವನ್ನು ಬಳಸುತ್ತೇವೆ, ಗೋಡೆ ಖಾಲಿ ಬಿದ್ದಿರುತ್ತದೆ ಎಂಬುದು ಅವನ ತರ್ಕ. 1948ರ ಅವನ ರಾಯಲ್ ಸಿಸ್ಟಂನಲ್ಲಿ ಗೋಡೆಗೆ ಪಟ್ಟಿ ಬಡಿದು ಹಲಗೆ, ಡ್ರಾಯರು, ಮೇಜು ಎಲ್ಲವನ್ನೂ ಅದಕ್ಕೆ ತೂಗುಹಾಕಬಹುದಿತ್ತು.

ನನಗೆ ಹೆಚ್ಚು ಇಷ್ಟವಾದದ್ದು ಸ್ವೀಡನ್ನಿನ ಕತೆ. ಅಲ್ಲಿನ ಬೊನ್ನಿಯರ್ ಎಂಬ ಪ್ರಕಾಶನ ಸಂಸ್ಥೆ 1949ರಲ್ಲಿ ಪುಸ್ತಕದ ಶೆಲ್ಫು ವಿನ್ಯಾಸದ ಸ್ಪರ್ಧೆ ಏರ್ಪಡಿಸಿತು. ಪುಸ್ತಕ ಮಾರುವವರಿಗೆ ಶೆಲ್ಫಿನ ಚಿಂತೆ ಯಾಕೆ? ಇಡಲು ಜಾಗವಿಲ್ಲದವರು ಪುಸ್ತಕ ಕೊಳ್ಳುವುದಿಲ್ಲ. ಶೆಲ್ಫು ಅಗ್ಗವಾಗಿರಬೇಕು, ಸಾಗಿಸಲು ಸುಲಭವಾಗಿರಬೇಕು, ಕೊಂಡವರೇ ಜೋಡಿಸಿಕೊಳ್ಳುವಂತಿರಬೇಕು. ಗೆದ್ದವರು ನಿಸ್ಸೆ ಮತ್ತು ಕಾಯ್ಸಾ ಸ್ಟ್ರಿನ್ನಿಂಗ್ ದಂಪತಿ. ತೆಳ್ಳನೆಯ ಉಕ್ಕಿನ ತಂತಿಯ ಏಣಿಗಳನ್ನು ಗೋಡೆಗೆ ತೂಗಿಸಿ ನಡುವೆ ಹಲಗೆ ಸಿಕ್ಕಿಸುವ ಆ ‘ಸ್ಟ್ರಿಂಗ್’ ಶೆಲ್ಫು ಈಗಲೂ ತಯಾರಾಗುತ್ತದೆ. 1960ರಲ್ಲಿ ಜರ್ಮನಿಯ ಡೀಟರ್ ರಾಮ್ಸ್ ಅಲ್ಯುಮಿನಿಯಂ ಪಟ್ಟಿಗಳ 606 ಎಂಬ ಶೆಲ್ಫ್ ವ್ಯವಸ್ಥೆ ರೂಪಿಸಿದ. ಮನೆ ಬದಲಿಸುವಾಗ ಕಳಚಿ ಒಯ್ದು ಹೊಸ ಮನೆಯಲ್ಲಿ ಬೇರೆ ಥರ ಜೋಡಿಸಬಹುದು. ಇದೇ ರಾಮ್ಸ್ 1960ರ ದಶಕದಲ್ಲಿ ಬ್ರಾನ್ ಕಂಪನಿಗಾಗಿ ಗೋಡೆಗೇ ತೂಗುಹಾಕುವ ರೇಡಿಯೊ, ಟೇಪ್ ರೆಕಾರ್ಡರ್, ಸ್ಪೀಕರುಗಳನ್ನೂ ರೂಪಿಸಿದ. ಹೀಗೆ ಗೂಡು ಸಾಮಾನಾಯಿತು, ಮನೆಯ ಅಂಗವಾಗಿದ್ದದ್ದು ವಾಸಿಸುವವರ ಗಂಟುಮೂಟೆಗೆ ಸೇರಿತು.

ನಮ್ಮಲ್ಲಿ ಈ ಬದಲಾವಣೆ ತಡವಾಗಿ ಬಂತು. ದಿಲ್ಲಿಯಲ್ಲಿ 1959ರಲ್ಲಿ ಟೀವಿ ಪ್ರಸಾರ ಪ್ರಾಯೋಗಿಕವಾಗಿ ಶುರುವಾಯಿತು, ಮುಂಬಯಿಗೆ ಬಂದದ್ದು 1972ರಲ್ಲಿ, ಬಣ್ಣ ಬಂದದ್ದು 1982ರಲ್ಲಿ. ಆ ಟೀವಿಗಳ ಬೆನ್ನು ಉದ್ದ, ಏಕೆಂದರೆ ಪರದೆಯ ಹಿಂದೆ ಗಾಜಿನ ಪಿಕ್ಚರ್ ಟ್ಯೂಬು ಇರಬೇಕಿತ್ತು. ಅಂಥದ್ದನ್ನು ಹಲಗೆಯ ಮೇಲಿಡುವಂತಿಲ್ಲ. ಷೋಕೇಸು, ಶಟರಿನ ಪೆಟ್ಟಿಗೆ, ಮೇಲೊಂದು ಕಸೂತಿ ಬಟ್ಟೆ. ಪರದೆ ಚಪ್ಪಟೆಯಾಗಿ ಟೀವಿ ಗೋಡೆಗೇರಿದ ಮೇಲೆ ಷೋಕೇಸಿಗೆ ಕೆಲಸವಿಲ್ಲವಾಯಿತು. ಉಳಿದದ್ದು ಅಂಗೈಯಗಲದ ಒಂದೆರಡು ಪೆಟ್ಟಿಗೆ. ಅವಕ್ಕೆ ತೆಳ್ಳನೆಯ ಹಲಗೆ ಸಾಕು.

ಸಾಕೇ? ನನ್ನ ಹಲಗೆ ಬಿದ್ದ ಲೆಕ್ಕ ಹೀಗಿದೆ. ಸಾಮಾನು ಸೇರಿ ತೂಕ ಸುಮಾರು ಹತ್ತು ಕಿಲೊ. ಹಲಗೆಯ ಅಗಲ ಇಪ್ಪತ್ತು ಸೆಂಟಿಮೀಟರು, ಹಾಗಾಗಿ ಭಾರದ ನಡುಬಿಂದು ಗೋಡೆಯಿಂದ ಹತ್ತು ಸೆಂಟಿಮೀಟರು ದೂರ. ಗೋಡೆಯ ಪಟ್ಟಿಯ ಎತ್ತರ ನಾಲ್ಕು ಸೆಂಟಿಮೀಟರು, ಸ್ಕ್ರೂ ಅದರ ನಟ್ಟನಡುವೆ, ಅಂದರೆ ಕೆಳ ಅಂಚಿನಿಂದ ಎರಡು ಸೆಂಟಿಮೀಟರು ಮೇಲೆ. ಸನ್ನೆಗೋಲಿನ ನಿಯಮದ ಪ್ರಕಾರ ಹತ್ತು ಕಿಲೊ ಭಾರ ಐದು ಪಟ್ಟಾಗಿ, ಐವತ್ತು ಕಿಲೊ ಬಲದಿಂದ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುತ್ತಿತ್ತು. ಮೇಲಾಗಿ ನಾನು ಹಾಕಿದ್ದು ಒಂದಿಂಚಿನ ಪ್ಲಗ್ಗು. ಅದರ ಬಹುಭಾಗ ಗಿಲಾವಿನಲ್ಲೇ ಉಳಿದಿತ್ತು, ಇಟ್ಟಿಗೆಯನ್ನು ಸರಿಯಾಗಿ ಮುಟ್ಟಿರಲೇ ಇಲ್ಲ.

ಎರಡನೆಯ ಸಲ ಪಟ್ಟಿಯನ್ನು ಏಳೂವರೆ ಸೆಂಟಿಮೀಟರಿಗೆ ಏರಿಸಿ, ಸ್ಕ್ರೂಗಳನ್ನು ಕೆಳ ಅಂಚಿನಿಂದ ಆರು ಸೆಂಟಿಮೀಟರು ಮೇಲಿಟ್ಟೆ. ಎಳೆತ ಹದಿನೇಳು ಕಿಲೊಗೆ ಇಳಿಯಿತು. ನಾಲ್ಕು ಸ್ಕ್ರೂಗೆ ಹಂಚಿದರೆ ಒಂದಕ್ಕೆ ನಾಲ್ಕು ಕಿಲೊ ಚಿಲ್ಲರೆ. ಪೆಟ್ಟಿಗೆ ದಪ್ಪವಾಯಿತು, ಮೊದಲಿನಷ್ಟು ತೇಲುವಂತೆ ಕಾಣುವುದಿಲ್ಲ. ಪ್ಲಗ್ಗು ಎರಡೂವರೆ ಇಂಚಿನದು, ಇಟ್ಟಿಗೆಯೊಳಗೆ ಇಳಿಯುವಂಥದ್ದು.

ಆದರೆ ಅದಕ್ಕೆ ಹೊಸ ತೂತು ಬೇಕಿತ್ತು. ನಮ್ಮದು ಹನ್ನೊಂದು ತಿಂಗಳ ಕರಾರು, ಗೋಡೆಗೆ ಮೊಳೆ ಹೊಡೆಯಬಾರದೆಂದು ಅದರಲ್ಲಿ ಬರೆದಿದೆ. ಮೊದಲ ಸಲ ಹೇಳದೆ ಕೊರೆದಿದ್ದೆ. ಈ ಸಲ ಮನಸ್ಸು ತಡೆಯದೆ ಮನೆಯೊಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ‘ಕಾಕೂ, ತಪ್ಪಾಯಿತು, ಇನ್ನು ನಾಲ್ಕು ತೂತು ಬೇಕು’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಯಾವ ಗೋಡೆ ಎಂದು ಕೇಳಿದರು. ತಾವು ಮದುವೆಯಾಗಿ ಬಂದ ಪೇಟೆಯ ವಾಡೆಯಲ್ಲಿ ಅಡುಗೆಮನೆಯೊಂದರಲ್ಲೇ ಏಳು ಕೋನಾಡೆಗಳಿದ್ದವು, ಈ ಫ್ಲ್ಯಾಟ್ ಕೊಂಡಾಗ ದೀಪ ಎಲ್ಲಿಡುವುದೆಂದು ತಿಳಿಯದೆ ಫ್ರಿಜ್ಜಿನ ಮೇಲಿಟ್ಟಿದ್ದೆ ಎಂದರು. ಕೊನೆಗೆ, ‘ಹೋಗುವಾಗ ಪುಟ್ಟಿ ತುಂಬಿಸಿ ಬಣ್ಣ ಹಚ್ಚಿಸಬೇಕು’ ಎಂದರು.

ಒಪ್ಪಿಕೊಂಡೆ. ಹಲಗೆ ಈಗ ಏಳು ತಿಂಗಳಿಂದ ನಿಂತಿದೆ. ಮನೆ ಬಿಡುವಾಗ ಅದನ್ನು ಕಳಚಿ ಜೊತೆಗೆ ಒಯ್ಯುತ್ತೇನೆ. ಪುಟ್ಟಿ ಎಷ್ಟೇ ತುಂಬಿದರೂ ಪ್ಲಗ್ಗುಗಳು ಮಾತ್ರ ಇಟ್ಟಿಗೆಯೊಳಗೆ ಉಳಿಯುತ್ತವೆ, ಅವುಗಳನ್ನು ಕೀಳಲು ಹೋದರೆ ಗೋಡೆಯೇ ಕಿತ್ತು ಬರುತ್ತದೆ. ಮುಂದೆ ಬರುವ ಬಾಡಿಗೆದಾರರು ಅದೇ ಎತ್ತರದಲ್ಲಿ ಏನಾದರೂ ತೂಗುಹಾಕಲು ಹೊರಟರೆ ಅವರ ಡ್ರಿಲ್ಲಿಗೆ ನೈಲಾನ್ ಸಿಗುತ್ತದೆ.